ಅವಳ ಮಾತಿಗೆ ದಾರ ಬೇಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ತುದಿಯಿಂದ ಯಾರೋ ಏದುಸಿರು ಬಿಡುತ್ತ ಬೈಕು ತಳ್ಳಿಕೊಂಡು ಬರುತ್ತಿದ್ದಾರೆ. ಅರ್ಧ ಎತ್ತಿದ ಶಟರಿನ ಕೆಳಗೆ ಕೂತು ಹಲ್ಲುಜ್ಜುತ್ತಿರುವ ಕಿಡಿಯಣ್ಣ ತಲೆ ಎತ್ತುವುದಿಲ್ಲ. ಬೈಕಿಗೆ ಕಟ್ಟಿದ ತಗಡಿನ ಪೆಟ್ಟಿಗೆ ಗಡಗಡ ಅನ್ನುವುದನ್ನು ಕೇಳಿಯೇ ಒಳಗಿದ್ದವರಿಗೆ ವರದಿ ಒಪ್ಪಿಸುತ್ತಾರೆ. "ಬ್ರೆಡ್ಡಿನವನು ಕಣೇ. ಇವತ್ತು ಅಂಗಡಿಗಳಿಗೆಲ್ಲ ನಿನ್ನೆ ಬ್ರೆಡ್ಡೇ ಗತಿ."

"ಬಾಯಿ ತೊಳ್ಕೊಂಡು ಮಾತಾಡಿ," ಎಂದು ಒಳಗಿನಿಂದ ಹೆಂಡತಿಯ ದನಿ ಬರುತ್ತದೆ.

ಬ್ರೆಡ್ಡಿನವನು ಬೈಕನ್ನು ಅಂಗಡಿಯ ಮುಂದೆ ನಿಲ್ಲಿಸಿ, ಮೆಟ್ಟಿಲ ಮೇಲೆ ಕುಸಿದು ಕೂರುತ್ತಾನೆ. "ಸತ್ತೇ ಹೋಯ್ತು ಅಣ್ಣ. ಒದ್ದು ಒದ್ದು ಕಾಲು ಬಿದ್ದುಹೋಯ್ತು. ದೀಪ ಇಲ್ಲ, ಹಾರ್ನ್ ಇಲ್ಲ, ಏನೂ ಇಲ್ಲ."

ಕಿಡಿಯಣ್ಣನ ಕೈ ಮೊದಲು ಹೋಗುವುದು ಹ್ಯಾಂಡಲಿನ ಬಲಗಡೆಯ ಸ್ವಿಚ್ಚಿಗೆ. ಇಂಜಿನ್ ಬಂದ್ ಮಾಡುವ ಆ ಪುಟ್ಟ ಸ್ವಿಚ್ಚನ್ನು ಮನೆಯ ಮಕ್ಕಳು ಆಡುತ್ತ ಒತ್ತಿಬಿಟ್ಟಿರುತ್ತಾರೆ. ಅದು ಗೊತ್ತಿಲ್ಲದೆ ಬೆವರು ಸುರಿಸಿಕೊಂಡು ಬೈಕು ತಳ್ಳಿಕೊಂಡು ಬಂದವರು ಎಷ್ಟೋ ಜನ. ಅಂಥವರನ್ನು ಕಂಡು ಕಿಡಿಯಣ್ಣ ನಗುವುದಿಲ್ಲ. ಸೀಟು ಎತ್ತುತ್ತಾರೆ, ಬ್ಯಾಟರಿಯನ್ನು ತಟ್ಟುತ್ತಾರೆ, "ಹೂಂ, ಹೂಂ" ಎಂದು ಯೋಚನೆಯಲ್ಲಿ ಬಿದ್ದವರ ಹಾಗೆ ಗೊಣಗುತ್ತಾರೆ. ಗಾಡಿಯವರು ಆ ಕಡೆ ತಿರುಗಿದಾಗ ಮೆಲ್ಲಗೆ ಸ್ವಿಚ್ಚನ್ನು ಸರಿಸಿ, "ಲೂಸ್ ಆಗಿತ್ತು, ಬಿಗಿ ಮಾಡಿದೆ, ಹೋಗಿ ಬನ್ನಿ," ಎಂದು ಕಳಿಸುತ್ತಾರೆ. ಸುಳ್ಳು ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: "ಮಾನ ಉಳಿಸೋದೂ ಒಂದು ರಿಪೇರಿನೇ ಅಲ್ವಾ?"

ಇವತ್ತು ಸ್ವಿಚ್ಚು ಸರಿಯಾಗಿಯೇ ಇದೆ. ಫ್ಯೂಸ್ ಸುಟ್ಟಿದೆ. ಹೊಸದು ಹಾಕಿ ಕೀ ತಿರುಗಿಸುತ್ತಿದ್ದಂತೆ ಅದೂ ಚಟ್ ಎನ್ನುತ್ತದೆ. ಎಲ್ಲೋ ಬರಿಮೈಯ ವೈರು ಗಾಡಿಯ ಕಬ್ಬಿಣಕ್ಕೆ ತಾಗುತ್ತಿದೆ ಎಂದು ಅದರ ಅರ್ಥ. ಕಿಡಿಯಣ್ಣ ಸೀಟು ಎತ್ತುತ್ತಾರೆ. ಕೆಳಗೆ ಬ್ರೆಡ್ಡಿನ ಪುಡಿ, ಚಿಂದಿ ಬಟ್ಟೆ, ಹರಿದ ಕಾಗದ, ಅದರ ನಡುವೆ ಬೆಚ್ಚನೆಯ ಒಂದು ಗೂಡು. ಸುತ್ತಲೂ ತಾಮ್ರ ಕಾಣುವಂತೆ ಕಡಿದುಹೋದ ವೈರುಗಳು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಗಾದೆ. ಕಿಡಿಯಣ್ಣನ ಕಸುಬಿನಲ್ಲಿ ಬೆಟ್ಟ ಅಗೆಯುವುದೇ ಬೇಡ, ಸೀಟು ಎತ್ತಿದರೆ ಸಾಕು.

"ನೋಡು, ನಿನ್ನ ಬ್ರೆಡ್ಡು ತಿಂದಿದೆ. ಆಮೇಲೆ ಹಲ್ಲಿಗೆ ಕಡ್ಡಿ ಹಾಕೋ ಬದಲು ವೈರು ಕಡಿದಿದೆ. ಶುಚಿಯಾದ ಇಲಿ."

"ನಗಬೇಡಿ ಅಣ್ಣ. ನಾಳೆಗೆ ಗಾಡಿ ಇಲ್ಲ ಅಂದ್ರೆ ಬೇಕರಿಯವರು ಬೇರೆಯವರನ್ನ ಕಳಿಸ್ತಾರೆ."

"ಇವತ್ತೊಂದು ದಿನ ನಿನ್ನ ಭಾವನ ಸೈಕಲ್ ಕೇಳು. ನಾಳೆ ಹಕ್ಕಿ ಏಳೋ ಹೊತ್ತಿಗೆ ಬಾ. ಗಾಡಿ ನಿನಗಿಂತ ಮೊದಲು ಎದ್ದಿರುತ್ತೆ."

ಹೀಗೆ ಮಾತು ಕೊಡುವುದು ಸುಲಭ. ಸೀಟಿನ ಕೆಳಗೆ ಕಡಿದು ಬಿದ್ದಿರುವ ವೈರುಗಳಲ್ಲಿ ಒಂದೊಂದಕ್ಕೆ ಒಂದೊಂದು ಬಣ್ಣ. ಹಾರ್ನಿನದೊಂದು, ಬ್ರೇಕಿನ ದೀಪದ್ದೊಂದು, ಎಡಗಡೆಯ ಇಂಡಿಕೇಟರಿನದೊಂದು, ಬಲಗಡೆಯದೊಂದು. ಈ ಕಸುಬಿಗೆ ಬಣ್ಣವೇ ಅಕ್ಷರಮಾಲೆ. ಆದರೆ ಬೀದಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ: ಕಿಡಿಯಣ್ಣನಿಗೆ ಕೆಂಪು, ಹಸಿರು, ಕಂದು ಮೂರೂ ಒಂದೇ ಬಣ್ಣ.

ಹುಟ್ಟಿನಿಂದ ಬಂದದ್ದು. ಹಳದಿ ಕಾಣುತ್ತದೆ, ನೀಲಿ ಕಾಣುತ್ತದೆ, ಉಳಿದದ್ದೆಲ್ಲ ಒಣಗಿದ ಎಲೆಯ ಹಾಗೆ. ಟೊಮೆಟೊ ತರಲು ಹೋದರೆ ಹಣ್ಣೆಂದು ಕಾಯಿ ತರುತ್ತಾರೆ. ಹಾಗಾಗಿ ತರಕಾರಿ ಅಂಗಡಿಯವನು ಕಿಡಿಯಣ್ಣ ಬಂದರೆ ತಾನೇ ಆರಿಸಿ ಕೊಡುತ್ತಾನೆ, ಕೊಡುವಾಗ ಒಂದಿಷ್ಟು ರೇಗಿಸುವುದನ್ನೂ ಬಿಡುವುದಿಲ್ಲ. "ಇಂಥ ಕಣ್ಣಿಟ್ಟುಕೊಂಡು ಈ ಕೆಲಸಕ್ಕೆ ಯಾಕೆ ಬಂದ್ರಿ?" ಎಂದರೆ ಕಿಡಿಯಣ್ಣ ಭುಜ ಕುಣಿಸುತ್ತಾರೆ. "ಬಂದ ಮೇಲೆ ತಾನೇ ಗೊತ್ತಾಗಿದ್ದು. ಅಲ್ಲೀವರೆಗೆ ಎಲ್ರಿಗೂ ಹೀಗೇ ಕಾಣುತ್ತೆ ಅಂದುಕೊಂಡಿದ್ದೆ."

ಮೀಸೆ ಚಿಗುರುವ ವಯಸ್ಸಿನಲ್ಲಿ ಗ್ಯಾರೇಜೊಂದಕ್ಕೆ ಕೆಲಸ ಕಲಿಯಲು ಸೇರಿದ್ದರು. ಮೊದಲ ವಾರವೇ ಯಾವುದಕ್ಕೋ ಯಾವುದನ್ನೋ ಸೇರಿಸಿ, ಗಿರಾಕಿ ಹಾರ್ನ್ ಒತ್ತಿದರೆ ಹೊಗೆ ಬರುವಂತೆ ಮಾಡಿದರು. ಆ ಹೊಗೆಯಿಂದಲೇ ಕಿಡಿ ಎಂಬ ಹೆಸರು ಅಂಟಿಕೊಂಡಿತು. "ಕಣ್ಣು ಎಲ್ಲಿಟ್ಟಿದ್ದೀಯೋ?" ಎಂದು ಮೇಸ್ತ್ರಿ ಕೂಗಾಡಿದಾಗ, ಕಣ್ಣಿರಬೇಕಾದ ಜಾಗದಲ್ಲೇ ಇದೆ, ಬಣ್ಣ ಮಾತ್ರ ಇಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ. ಹೇಳಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು.

ಗ್ಯಾರೇಜಿನ ಎದುರಿಗೆ ಒಂದು ಹೊಲಿಗೆ ಅಂಗಡಿ. ಅಲ್ಲಿ ತಂದೆಯ ಜೊತೆ ಕೂತು ಹೊಲಿಯುತ್ತಿದ್ದ ಹುಡುಗಿಯೊಬ್ಬಳು ಬಟ್ಟೆಯ ಚೂರು ತೋರಿಸಿದರೆ ಸಾಕು, ಸಾಲಾಗಿ ಜೋಡಿಸಿದ ದಾರದ ಉಂಡೆಗಳಲ್ಲಿ ಅದಕ್ಕೆ ಹೊಂದುವುದನ್ನು ತಟ್ಟನೆ ತೆಗೆದುಕೊಡುತ್ತಿದ್ದಳು. ಕಿಡಿಯಣ್ಣ ಮುಷ್ಟಿಯಲ್ಲಿ ವೈರಿನ ಚೂರು ಅಡಗಿಸಿಕೊಂಡು ಅಲ್ಲಿಗೆ ಹೋಗತೊಡಗಿದರು. "ಇದಕ್ಕೆ ಹೊಂದೋ ದಾರ ಕೊಡಿ. ಈ ಬಣ್ಣಕ್ಕೆ ಏನಂತೀರಿ ನೀವು?" ದಿನಕ್ಕೆರಡು ಸಲ, ಮೂರು ಸಲ. ಹೊಲಿಯಲು ಬಾರದ ಹುಡುಗ ಇಷ್ಟೊಂದು ದಾರ ಯಾಕೆ ಕೊಳ್ಳುತ್ತಾನೆ ಎಂದು ಬೀದಿಯೆಲ್ಲ ಮುಸಿಮುಸಿ ನಕ್ಕಿತು.

ಆ ಹುಡುಗಿಯೇ ಈಗಿನ ಟೈಲರಮ್ಮ, ಕಿಡಿಯಣ್ಣನ ಹೆಂಡತಿ. "ನನ್ನನ್ನ ನೋಡೋಕೆ ಬರ್ತಿದ್ದಾರೆ ಅಂದುಕೊಂಡಿದ್ದೆ," ಎಂದು ಆಕೆ ಹೊಲಿಗೆಯಿಂದ ತಲೆ ಎತ್ತದೆ ಹೇಳುತ್ತಾರೆ. "ಒಂದು ದಿನ ಕೆಂಪು ವೈರು ತಂದು, ಈ ಹಸಿರಿಗೆ ದಾರ ಕೊಡಿ ಅಂದ್ರು. ಆಗ ಗೊತ್ತಾಯ್ತು, ಇವರು ಬರೋದು ನನಗೋಸ್ಕರ ಅಲ್ಲ, ವೈರಿಗೋಸ್ಕರ ಅಂತ."

ಕೋಪ ಬರಲಿಲ್ಲವೇ?

"ಬಂತು. ಅಷ್ಟರಲ್ಲಿ ಅಭ್ಯಾಸ ಆಗಿಬಿಟ್ಟಿತ್ತಲ್ಲ, ಏನ್ ಮಾಡೋದು?"

ಮೇಸ್ತ್ರಿಗೆ ಆಕೆ ಒಂದು ಮಾತೂ ಹೇಳಲಿಲ್ಲ. ಮಾರನೆಯ ದಿನದಿಂದ ದಾರ ಕೊಡುವುದನ್ನು ಬಿಟ್ಟು ಬಣ್ಣ ಮಾತ್ರ ಹೇಳಿ ಕಳಿಸತೊಡಗಿದರು. ಅಂದು ಶುರುವಾದದ್ದು ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳಿಗೂ ಮದುವೆಯಾದ ಮೇಲೂ ನಡೆದುಕೊಂಡು ಬಂದಿದೆ. ಈಗ ಇಬ್ಬರಿಗೂ ಸೇರಿ ಒಂದೇ ಶಟರು. ಒಳಗೆ ಎಡಗಡೆ ಹೊಲಿಗೆ ಯಂತ್ರ, ಬಲಗಡೆ ಬ್ಯಾಟರಿ, ಬಲ್ಬು, ಸುರುಳಿ ಸುತ್ತಿದ ವೈರು. ನಡುವೆ ಗೋಡೆಯಿಲ್ಲ. ಇಬ್ಬರಿಗೂ ಎಣ್ಣೆಯ ಡಬ್ಬಿ ಒಂದೇ. ಹಿಂದಿನ ಬಾಗಿಲು ದಾಟಿದರೆ ಅಡುಗೆಮನೆ. ಹೊಲಿಗೆ ಯಂತ್ರಕ್ಕೆ ಕಿಡಿಯಣ್ಣ ಹಳೆಯ ಬೈಕಿನ ಹೆಡ್‌ಲೈಟ್ ಕೂರಿಸಿಕೊಟ್ಟಿದ್ದಾರೆ. ಕರೆಂಟು ಹೋದ ದಿನ ಟೈಲರಮ್ಮನ ಸೂಜಿಯ ಮೇಲೆ ಬೀಳುವುದು ಬ್ಯಾಟರಿಯ ಬೆಳಕು.

ದಿನಕ್ಕೆ ಏಳೆಂಟು ಗಾಡಿ ಬರುತ್ತವೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಮಾತ್ರ ಸಾಯುವ ಗಾಡಿ, ಬ್ರೇಕ್ ಒತ್ತಿದರೆ ಹಾರ್ನ್ ಹೊಡೆದುಕೊಳ್ಳುವ ಗಾಡಿ, ಎಷ್ಟು ಚಾರ್ಜ್ ಮಾಡಿದರೂ ಬೆಳಗ್ಗೆ ಬ್ಯಾಟರಿ ಖಾಲಿಯಾಗಿರುವ ಗಾಡಿ. ಇವುಗಳ ರೋಗ ಹಿಡಿಯಲು ಕಿಡಿಯಣ್ಣನ ಬಳಿ ಇರುವ ಮುಖ್ಯ ಸಲಕರಣೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಇಂಡಿಕೇಟರಿನ ಒಂದು ಹಳೇ ಬಲ್ಬು. ಅದಕ್ಕೆ ಎರಡು ವೈರು. ಒಂದರ ತುದಿಗೆ ಹಲ್ಲಿರುವ ಕ್ಲಿಪ್ಪು, ಇನ್ನೊಂದರ ತುದಿಗೆ ಹೊಲಿಗೆಯ ಸೂಜಿ. ಕ್ಲಿಪ್ಪನ್ನು ಗಾಡಿಯ ಕಬ್ಬಿಣಕ್ಕೆ ಕಚ್ಚಿಸಿ ಸೂಜಿಯನ್ನು ವೈರಿಗೆ ಚುಚ್ಚಿದಾಗ ಅದರಲ್ಲಿ ಕರೆಂಟು ಹರಿಯುತ್ತಿದ್ದರೆ ಬಲ್ಬು ಹೊತ್ತಿಕೊಳ್ಳುತ್ತದೆ. ಕಿಡಿಯಣ್ಣ ಇದಕ್ಕೆ ಸಾಕ್ಷಿ ಎಂದು ಹೆಸರಿಟ್ಟಿದ್ದಾರೆ. "ಸೂಜಿ ಅವಳದ್ದು, ಬಲ್ಬು ನನ್ನದು. ಮನೇಲಿ ನಾವಿಬ್ರೂ ಒಪ್ಪಿಕೊಂಡು ಮಾಡಿರೋದು ಇದೊಂದೇ."

ಸಾಕ್ಷಿ ಹೇಳಿದ ಮೇಲೆ ಒಂದು ವಿಧಿ ಇದೆ. ಯಾವ ವೈರಿಗೆ ಯಾವುದು ಎಂದು ಬಲ್ಬು ತೋರಿಸಿಕೊಟ್ಟಿತೋ ಆ ಎರಡನ್ನೂ ಹೊಸೆದು, ಟೇಪು ಸುತ್ತಿ, ಅದರ ಮೇಲೆ ಟೈಲರಮ್ಮನ ಗುಂಡಿ ಹೊಲಿಯುವ ದಪ್ಪ ಬಿಳಿ ದಾರದ ಒಂದು ತುಂಡನ್ನು ಬಿಗಿದು ಗಂಟು ಹಾಕುತ್ತಾರೆ. ಅದೇ ಗಾಡಿ ವರ್ಷದ ಮೇಲೆ ಕೆಟ್ಟು ಬಂದರೂ ಕತ್ತಲಲ್ಲಿ ಬೆರಳಾಡಿಸಿದರೆ ದಾರ ಸಿಗುತ್ತದೆ. ದಾರ ಸಿಕ್ಕ ಕಡೆ ಪರೀಕ್ಷೆ ಆಗಿದೆ, ಬೇರೆ ಕಡೆ ಹುಡುಕಬೇಕು ಎಂದು ಲೆಕ್ಕ. ಪಕ್ಕದ ಬೀದಿಗಳ ಮೆಕ್ಯಾನಿಕ್‌ಗಳೂ ಬಿಳಿ ದಾರ ಕಂಡರೆ ಆ ಗಂಟನ್ನು ಬಿಚ್ಚುವುದಿಲ್ಲ.

ಆದರೆ ಟೈಲರಮ್ಮ ಬಣ್ಣ ಹೇಳಿ ಸೇರಿಸಿದ ವೈರಿಗೆ ದಾರವಿಲ್ಲ. "ಅವಳ ಮಾತಿಗೆ ದಾರ ಬೇಡ," ಎನ್ನುತ್ತಾರೆ ಕಿಡಿಯಣ್ಣ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ. ಹೆಂಡತಿಯನ್ನು ಹೊಗಳಿದ್ದು ಗೊತ್ತಾಗದಂತೆ ಹೊಗಳುವ ಗಂಡಸರಲ್ಲಿ ಇವರೂ ಒಬ್ಬರು.

ಕಳೆದ ಕೆಲವು ತಿಂಗಳಿಂದ ಈ ವಿಧಿಯೇ ಕಿಡಿಯಣ್ಣನ ಗಂಟಲಲ್ಲಿ ನುಂಗಲಾರದ ತುತ್ತಾಗಿ ಕೂತಿದೆ. ಒಂದು ಮಧ್ಯಾಹ್ನ ಟೈಲರಮ್ಮ ಒಂದು ವೈರನ್ನು ಬೆಳಕಿಗೆ ಹಿಡಿದು "ಬಿಳಿ" ಎಂದರು. ಅದು ಹಳದಿ. ಹಳದಿ ಕಿಡಿಯಣ್ಣನಿಗೂ ಕಾಣುತ್ತದೆ. ತಮಾಷೆಯಿರಬೇಕು ಎಂದು ಹೆಂಡತಿಯ ಮುಖ ನೋಡಿದರು. ತಮಾಷೆಯಾಗಿರಲಿಲ್ಲ. ಆಮೇಲೆ ಒಂದೊಂದಾಗಿ ಗಮನಕ್ಕೆ ಬಂದವು. ಸೂಜಿಗೆ ದಾರ ಪೋಣಿಸುವಾಗ ಆಕೆ ಉಸಿರು ಹಿಡಿದು ಮೂರ್ನಾಲ್ಕು ಸಲ ತಡಕುತ್ತಾರೆ. ಯಾರದೋ ನೀಲಿ ಪ್ಯಾಂಟಿನ ಅಂಚಿಗೆ ಕಪ್ಪು ದಾರ ಹಾಕಿದ್ದಾರೆ. ಕಿಡಿಯಣ್ಣ ಸದ್ದಿಲ್ಲದೆ ಹೊಲಿಗೆ ಯಂತ್ರದ ಬಲ್ಬು ತೆಗೆದು ದೊಡ್ಡದು ಹಾಕಿದರು. "ಈಚೆಗೆ ಬಿಸಿಲು ಜಾಸ್ತಿ ಆಯ್ತಪ್ಪ," ಎಂದರಂತೆ ಟೈಲರಮ್ಮ.

ಕಣ್ಣಿಗೆ ಪೊರೆ ಬಂದಿತ್ತು, ಎರಡೂ ಕಣ್ಣಿಗೆ. ಮಗಳು ಬಂದು ಬಲವಂತವಾಗಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಆಪರೇಷನ್ ಮಾಡಿದರೆ ಚೆನ್ನಾಗಿ ಕಾಣುತ್ತದೆ, ತಡ ಮಾಡಿದಷ್ಟೂ ಕಷ್ಟ ಎಂದರು ಡಾಕ್ಟರು. ಆಮೇಲೆ ಕೆಲವು ವಾರ ಧೂಳಿನಲ್ಲಿ ಕೂರಬಾರದು, ಹೊಲಿಗೆ ಹಿಡಿಯಬಾರದು ಎಂದೂ ಹೇಳಿದರು. ಟೈಲರಮ್ಮ ಮನೆಗೆ ಬಂದು ಎರಡು ಕಾರಣ ಕೊಟ್ಟು ಆಗುವುದಿಲ್ಲ ಎಂದುಬಿಟ್ಟರು. ಒಂದು ಎಲ್ಲರಿಗೂ ಹೇಳುವ ಕಾರಣ: "ನಾನು ಒಳಗೆ ಕೂತ್ರೆ ಇವರಿಗೆ ಬಣ್ಣ ಹೇಳೋರು ಯಾರು?" ಇನ್ನೊಂದು ಮಗಳ ಕಿವಿಯಲ್ಲಿ ಮಾತ್ರ ಹೇಳಿದ್ದು. ಟೈಲರಮ್ಮನ ಚಿಕ್ಕಮ್ಮ ಬಹಳ ಹಿಂದೆ ಕಣ್ಣಿನ ಆಪರೇಷನ್ ಆದ ಮೇಲೆ ಕೊನೆಯವರೆಗೂ ಗೋಡೆ ಹಿಡಿದು ನಡೆದರು. "ಮಬ್ಬಾದ್ರೂ ಇರೋದು ಇರಲಿ ಕಣೇ. ನಿಮ್ಮಪ್ಪನ ಮುಖ ಇನ್ನೂ ಕಾಣುತ್ತೆ ನನಗೆ."

ಮಗಳು ಅದನ್ನು ಅಪ್ಪನಿಗೆ ಹೇಳಿದಳು. ಅವತ್ತಿನಿಂದ ಕಿಡಿಯಣ್ಣನಿಗೆ ಹೆಂಡತಿಯ ಮುಂದೆ ಕೂರುವುದೇ ಕಷ್ಟವಾಯಿತು. ನೀನು ಹೇಳುತ್ತಿರುವ ಬಣ್ಣ ತಪ್ಪು ಎಂದರೆ ಆಕೆಯ ಎದೆ ಒಡೆಯುತ್ತದೆ. ಹೇಳದಿದ್ದರೆ ಯಾರದೋ ಗಾಡಿ ದಾರಿಯಲ್ಲಿ ಕೈಕೊಡುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಹುಡುಕಿಕೊಂಡರು. ಆಕೆ ಬಣ್ಣ ಹೇಳುವಾಗ ಹೂಂಗುಟ್ಟುವುದು. ಆಕೆ ಒಲೆಯ ಕಡೆಗೋ ಗಿರಾಕಿಯ ಅಳತೆ ತೆಗೆಯಲೋ ಎದ್ದಾಗ ಸಾಕ್ಷಿಯನ್ನು ಚುಚ್ಚಿ ನೋಡಿ, ಸರಿಮಾಡಿ, ದಾರ ಕಟ್ಟಿಬಿಡುವುದು.

ಆದರೆ ಟೈಲರಿನ ಮನೆಯಲ್ಲಿ ದಾರ ಕದ್ದು ದಕ್ಕಿಸಿಕೊಂಡವರುಂಟೇ? ಮೊನ್ನೆ ಊಟಕ್ಕೆ ಬಡಿಸುತ್ತ ಟೈಲರಮ್ಮ ಕೇಳಿದರು, "ಗುಂಡಿ ದಾರದ ಉಂಡೆ ಯಾಕಿಷ್ಟು ಬೇಗ ಖಾಲಿಯಾಗ್ತಿದೆ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಕಿಡಿಯಣ್ಣನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಟೈಲರಮ್ಮನ ಕಣ್ಣು ಮಬ್ಬಾಗಿತ್ತೇ ಹೊರತು ಬುದ್ಧಿ ಮಬ್ಬಾಗಿರಲಿಲ್ಲ. ಬಡಿಸುವ ಸೌಟು ಅಲ್ಲೇ ನಿಂತಿತು.

"ನನ್ನ ಮಾತಿಗೂ ಸಾಕ್ಷಿ ಬೇಕಾಯ್ತಾ?" ಎಂದಷ್ಟೇ ಕೇಳಿ ಒಳಗೆ ಹೋದರು. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಗಿದೆ. ಆಪರೇಷನ್ನಿನ ಮಾತಂತೂ ಎತ್ತುವ ಹಾಗೇ ಇಲ್ಲ.

ಇಂಥ ಹೊತ್ತಿನಲ್ಲಿ ಬಂದಿದೆ ಬ್ರೆಡ್ಡಿನವನ ಗಾಡಿ. ಮೊನ್ನೆಯಿಂದ ಮುಖ ಬಿಗಿದುಕೊಂಡಿದ್ದ ಟೈಲರಮ್ಮ ಇವತ್ತು ತಾವಾಗಿಯೇ ಸ್ಟೂಲು ಎಳೆದುಕೊಂಡು ಬಂದು ಬೈಕಿನ ಪಕ್ಕ ಕೂರುತ್ತಾರೆ. "ನಾನು ಹೇಳ್ತೀನಿ, ನೀವು ಕಟ್ಟಿ," ಎನ್ನುತ್ತಾರೆ. ದನಿಯಲ್ಲಿ ಸವಾಲಿದೆ. ಕಿಡಿಯಣ್ಣ ತಲೆಯಾಡಿಸುತ್ತಾರೆ.

ಕೆಲಸ ಇಡೀ ದಿನ ಹಿಡಿಯುತ್ತದೆ. ಮೊದಲು ಇಲಿಯ ಸಂಸಾರವನ್ನು ಗೌರವದಿಂದ ಖಾಲಿ ಮಾಡಿಸಬೇಕು. ಕಡಿದ ಭಾಗವನ್ನೆಲ್ಲ ಕತ್ತರಿಸಿ ತೆಗೆಯಬೇಕು. ಮುಂದಿನಿಂದ ಬರುವ ವೈರಿನ ತುದಿಗಳನ್ನು ಹಿಂದಿನ ತುದಿಗಳಿಗೆ ಹೊಸ ವೈರಿನಿಂದ ಸೇರಿಸಬೇಕು. ಟೈಲರಮ್ಮ ಒಂದೊಂದು ತುದಿಯನ್ನೂ ಕಣ್ಣಿನ ಹತ್ತಿರ ಹಿಡಿದು ಹೆಸರು ಹೇಳುತ್ತಾರೆ. ಆಕೆಯ ಹೆಸರುಗಳೆಲ್ಲ ಬಟ್ಟೆ ಅಂಗಡಿಯವು. ಗಿಳಿ ಹಸಿರು, ಇಟ್ಟಿಗೆ ಕೆಂಪು, ಚಾಕಲೇಟು, ಬಾಟ್ಲಿ ಹಸಿರು. ನಡುನಡುವೆ ರವಿಕೆ ಕೊಡಲು ಬಂದವರ ಜೊತೆ ಮಾತಾಡಲು ಎದ್ದು ಹೋಗುತ್ತಾರೆ. ಕಿಡಿಯಣ್ಣ ಆಗೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅತ್ತ ನೋಡುತ್ತ, ಇತ್ತ ಸೂಜಿ ಚುಚ್ಚಿ, ದಾರ ಕಟ್ಟಿ ಮುಗಿಸುತ್ತಾರೆ. ಇಟ್ಟಿಗೆ ಕೆಂಪು ಎಂದದ್ದು ಬೇರೆಯೇ ಆಗಿತ್ತು ಎಂದು ಬಲ್ಬು ಹೇಳುತ್ತದೆ. ಕಿಡಿಯಣ್ಣ ಬಾಯಿ ಬಿಡುವುದಿಲ್ಲ.

ಕೊನೆಗೆ ಉಳಿಯುವುದು ಹಿಂದಿನ ಎರಡು ಇಂಡಿಕೇಟರುಗಳ ಜೋಡಿ. ಚಾಕಲೇಟು ಎಡಕ್ಕೆ, ಬಾಟ್ಲಿ ಹಸಿರು ಬಲಕ್ಕೆ. ಹೊರಗೆ ಸಂಜೆ ಇಳಿಯುತ್ತಿದೆ. ಟೈಲರಮ್ಮ ಎರಡೂ ತುದಿಯನ್ನು ಬೆರಳಲ್ಲಿ ಹಿಡಿದು, ಬೆಳಕಿನ ಕಡೆ ತಿರುಗಿ, ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಒಂದಿಷ್ಟೂ ತಡವರಿಸದೆ "ಇದು ಚಾಕಲೇಟು, ಇದು ಬಾಟ್ಲಿ ಹಸಿರು," ಎಂದು ಗಂಡನ ಕೈಗೆ ಕೊಟ್ಟು, ಅಲ್ಲಿಂದ ಏಳದೆ ಕೂರುತ್ತಾರೆ. ಸಾಕ್ಷಿ ಪಕ್ಕದಲ್ಲೇ ಬಿದ್ದಿದೆ. ಕೈ ಚಾಚಿದರೆ ಸಿಗುತ್ತದೆ.

ಕಿಡಿಯಣ್ಣ ಕೈ ಚಾಚುವುದಿಲ್ಲ. ಚಾಕಲೇಟಿಗೆ ಚಾಕಲೇಟು, ಹಸಿರಿಗೆ ಹಸಿರು ಎಂದು ಆಕೆ ಹೇಳಿದಂತೆಯೇ ಹೊಸೆದು, ಟೇಪು ಸುತ್ತಿ, ದಾರ ಕಟ್ಟದೆ ಸೀಟು ಮುಚ್ಚುತ್ತಾರೆ. ಟೈಲರಮ್ಮ ಅದನ್ನು ನೋಡುತ್ತಾರೆ. ಮೊನ್ನೆಯಿಂದ ಕಾಣದಿದ್ದ ನಗು ಆಕೆಯ ಮುಖದಲ್ಲಿ ಕಾಣುತ್ತದೆ. "ಕೈ ತೊಳೀರಿ, ಊಟಕ್ಕಿಡ್ತೀನಿ."

ಯಾಕೆ ಪರೀಕ್ಷೆ ಮಾಡಲಿಲ್ಲ ಎಂದು ಆಮೇಲೆ ಕೇಳಿದರೆ ಕಿಡಿಯಣ್ಣ ಸಾಕ್ಷಿಯ ವೈರನ್ನು ಬೆರಳಿಗೆ ಸುತ್ತುತ್ತ ಹೇಳುತ್ತಾರೆ. "ನಂಬಿಕೆ ಇತ್ತು ಅಂತ ಸುಳ್ಳು ಹೇಳಲ್ಲ. ಅವಳ ಮುಖ ನೋಡಿ ನಂಬಬೇಕು ಅನ್ನಿಸ್ತು. ಬೆಳಗ್ಗೆ ಅವಳು ಏಳೋ ಮುಂಚೆ ನೋಡ್ಕೊಂಡ್ರಾಯ್ತು ಅಂದುಕೊಂಡೆ."

ಆದರೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದವನು ಬ್ರೆಡ್ಡಿನವನು. ಕಿಡಿಯಣ್ಣ ಶಟರು ಎತ್ತುವಾಗ ಅವನು ಆಗಲೇ ಮೆಟ್ಟಿಲ ಮೇಲಿದ್ದಾನೆ. ಕೀ ತಿರುಗಿಸುತ್ತಾರೆ, ದೀಪ ಬರುತ್ತದೆ. ಹಾರ್ನ್ ಬೀದಿಯನ್ನೇ ಎಬ್ಬಿಸುತ್ತದೆ. ಒಂದೇ ಒದೆತಕ್ಕೆ ಇಂಜಿನ್ ಗುರುಗುಟ್ಟುತ್ತದೆ. ಬ್ರೆಡ್ಡಿನವನ ಮುಖ ಅರಳುತ್ತದೆ. ಕಿಡಿಯಣ್ಣ ಎಡಗಡೆಯ ಇಂಡಿಕೇಟರ್ ಹಾಕುತ್ತಾರೆ. ಮುಂದೆ ಎಡಗಡೆಯದು ಮಿಣುಕುತ್ತದೆ.

"ಅಣ್ಣ, ಹಿಂದೆ ಬಲಗಡೆ ಮಿಣುಕ್ತಿದೆ," ಎನ್ನುತ್ತಾನೆ ಗಾಡಿಯ ಹಿಂದೆ ನಿಂತ ಬ್ರೆಡ್ಡಿನವನು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಎದುರಿಗೆ ಬರುವವನಿಗೆ ಎಡಕ್ಕೆ ಹೋಗುತ್ತೇನೆ ಅನ್ನುವ ಗಾಡಿ, ಹಿಂದೆ ಬರುವವನಿಗೆ ಬಲಕ್ಕೆ ಅನ್ನುತ್ತಿದೆ. ಬ್ರೆಡ್ಡಿನವನಿಗೆ ನಗು ಬರುತ್ತದೆ. "ಎರಡು ಕಡೆನೂ ಒಪ್ಪಿಕೊಳ್ಳುತ್ತೆ ಅಣ್ಣ ಇದು, ನಮ್ಮ ಭಾವನ ಹಾಗೆ."

ಕಿಡಿಯಣ್ಣ ನಗುವುದಿಲ್ಲ. ಒಳಗಿನಿಂದ ಕಾಫಿ ಲೋಟ ಹಿಡಿದು ಬರುತ್ತಿರುವ ಹೆಂಡತಿಯ ಹೆಜ್ಜೆ ಅವರಿಗೆ ಕೇಳಿಸಿದೆ. "ನನ್ನದೇ ತಪ್ಪು ಕಣಯ್ಯ," ಎನ್ನುತ್ತಾರೆ ದೊಡ್ಡ ದನಿಯಲ್ಲಿ. "ಸಂಜೆ ಕಣ್ಣು ಎಳೀತಿತ್ತು. ಅದಲು ಬದಲು ಕಟ್ಟಿಬಿಟ್ಟಿದ್ದೀನಿ. ಒಂದು ನಿಮಿಷ, ಸರಿಮಾಡ್ತೀನಿ."

ಟೈಲರಮ್ಮ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಡುತ್ತಾರೆ. ಗಂಡ ಸೀಟು ಎತ್ತಿದ್ದೇ ತಡ, ಏನೂ ಹೇಳದೆ ಬಾಗಿ, ವೈರುಗಳ ಕಟ್ಟಿನೊಳಗೆ ಕೈ ಹಾಕುತ್ತಾರೆ. ಕಣ್ಣು ಎಲ್ಲೋ ಎದುರಿನ ಗೋಡೆಯ ಕಡೆಗಿದೆ. ಈಗ ನೋಡುತ್ತಿರುವುದು ಬೆರಳು. ಜನ್ಮವಿಡೀ ದಾರದ ಜೊತೆ ಕಳೆದ ಬೆರಳುಗಳವು. ಒಂದು ಗಂಟಿನ ಮೇಲೆ ನಿಲ್ಲುತ್ತವೆ: ದಾರ. ಮುಂದಿನದು: ದಾರ. ಅದರ ಮುಂದಿನದಕ್ಕೂ ದಾರ. ನಿನ್ನೆ ಆಕೆ ಬಣ್ಣ ಹೇಳಿಕೊಟ್ಟ ಒಂದೊಂದರ ಮೇಲೂ ದಾರವಿದೆ. ಕೊನೆಯಲ್ಲಿ ಎರಡು ಕಡೆ ಬೆರಳು ಬರಿಯ ಟೇಪಿನ ಮೇಲೆ ಜಾರುತ್ತದೆ. ಮತ್ತೆ ಹಿಂದಕ್ಕೆ ಬರುತ್ತದೆ. ಅಲ್ಲಿ ದಾರವಿಲ್ಲ.

ಬೆರಳು ಅಲ್ಲೇ ನಿಲ್ಲುತ್ತದೆ. ಬ್ರೆಡ್ಡಿನವನಿಗೆ ಏನೂ ಅರ್ಥವಾಗದಿದ್ದರೂ ಇಂಜಿನ್ ಆರಿಸಬೇಕು ಎನ್ನುವಷ್ಟು ತಿಳಿಯುತ್ತದೆ.

"ಈ ಎರಡು ಬರೀ ನನ್ನ ಮಾತು ನಂಬಿ ಕಟ್ಟಿದ್ದು," ಎನ್ನುತ್ತಾರೆ ಟೈಲರಮ್ಮ.

ಕಿಡಿಯಣ್ಣ ಟೇಪಿನ ಸುರುಳಿಯನ್ನು ಸುಮ್ಮನೆ ಬಿಚ್ಚುತ್ತಾರೆ, ಸುತ್ತುತ್ತಾರೆ.

"ಇಷ್ಟು ವರ್ಷ ಆಯ್ತು, ನಿಮಗೆ ಒಂದು ಸುಳ್ಳು ಹೇಳೋಕೆ ಬರಲ್ಲ. ಕೆಲಸದಲ್ಲಿ ನಿಮಗೆ ಯಾವತ್ತು ಕಣ್ಣು ಎಳೆದಿದೆ?" ಆಕೆ ಸೀಟಿನ ಕೆಳಗಿಂದ ಕೈ ತೆಗೆಯುತ್ತಾರೆ. "ನಿನ್ನೆ ನನಗೆ ಎರಡೂ ಒಂದೇ ಥರ ಕಂಡಿತ್ತು ಕಣ್ರೀ. ಗೊತ್ತಿಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಯಾವುದೋ ಒಂದಕ್ಕೆ ಚಾಕಲೇಟು ಅಂದುಬಿಟ್ಟೆ."

ಸಮಾಧಾನ ಹೇಳಲು ಬಾಯಿ ತೆರೆದ ಕಿಡಿಯಣ್ಣನಿಗೆ ಬರುವುದು ಹೀಗೆ: "ನನಗೂ ಒಂದೇ ಥರ ಕಾಣುತ್ತೆ. ಅದಕ್ಕೇನೀಗ?"

ಟೈಲರಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬರುತ್ತವೆ. ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚುತ್ತಾರೆ. "ಕೊಡಿ ಇಲ್ಲಿ ನಿಮ್ಮ ಸಾಕ್ಷೀನ."

ಕಿಡಿಯಣ್ಣ ಟೇಪು ಬಿಚ್ಚಿ ವೈರುಗಳನ್ನು ಬಿಡಿಸಿ ಹಿಡಿಯುತ್ತಾರೆ. ಸೂಜಿ ಚುಚ್ಚುವವರು ಟೈಲರಮ್ಮ. ಬಲ್ಬು ಮಿಣುಕುತ್ತದೆ, ಮಬ್ಬು ಕಣ್ಣಿಗೂ ಕಾಣುವಷ್ಟು. ಇದು ಎಡದ್ದು, ಇದು ಬಲದ್ದು. ಕಿಡಿಯಣ್ಣ ಹೊಸೆದು ಟೇಪು ಸುತ್ತುತ್ತಾರೆ. ಟೈಲರಮ್ಮ ಗಂಡನ ಅಂಗಿಯ ಜೇಬಿಗೆ ಕೈ ಹಾಕಿ, ಅಲ್ಲಿ ಅಡಗಿದ್ದ ಗುಂಡಿ ದಾರದ ಉಂಡೆಯನ್ನು ತಡಕದೆ ಹೊರಗೆ ತೆಗೆಯುತ್ತಾರೆ. ಒಂದು ತುಂಡನ್ನು ಹಲ್ಲಿನಿಂದ ಕಡಿದು, ತಮ್ಮ ಕೈಯಾರೆ ಗಂಟು ಹಾಕುತ್ತಾರೆ. ಆಮೇಲೆ ಇನ್ನೊಂದು. ಟೈಲರಿನ ಗಂಟು, ಬಿಗಿಯಾಗಿ, ಎರಡು ಸುತ್ತು.

ಬ್ರೆಡ್ಡಿನವನು ಹೊರಡುತ್ತಾನೆ. ಬೀದಿಯ ತುದಿಯಲ್ಲಿ ಅವನ ಬೈಕು ಎಡಕ್ಕೆ ತಿರುಗುವಾಗ ಹಿಂದೆ ಎಡಗಡೆಯದೇ ಮಿಣುಕುತ್ತದೆ. ಟೈಲರಮ್ಮನಿಗೆ ಅದು ಕಾಣುವಷ್ಟು ಹತ್ತಿರವಿಲ್ಲ. "ಸರಿಯಾಗಿದೆ," ಎಂದು ಕಿಡಿಯಣ್ಣ ಹೇಳುತ್ತಾರೆ. ಆಕೆ ನಂಬುತ್ತಾರೆ.

ತಣ್ಣಗಾದ ಲೋಟವನ್ನು ಗಂಡನ ಕೈಗೆ ಕೊಡುತ್ತ ಟೈಲರಮ್ಮ ಕೇಳುತ್ತಾರೆ, "ಆ ಡಾಕ್ಟ್ರು ಯಾವತ್ತು ಬರೋಕೆ ಹೇಳಿದ್ರು?"

ಕಿಡಿಯಣ್ಣ ಲೋಟವನ್ನು ಬಾಯಿಯ ತನಕ ತಂದವರು ಹಾಗೇ ನಿಲ್ಲುತ್ತಾರೆ.

"ಮಗಳಿಗೆ ಫೋನ್ ಮಾಡಿ ಕೇಳಿ. ನನಗೇನೂ ಭಯ ಹೋಗಿಲ್ಲ, ಹೇಳಿದ್ದೀನಿ. ನೀವು ಪಕ್ಕದಲ್ಲೇ ಇರಬೇಕು, ಆಪರೇಷನ್ ರೂಮಿನ ಬಾಗಿಲ ತನಕ ಕೈ ಬಿಡಬಾರದು. ಆಮೇಲೆ ನಾನು ಒಳಗೆ ಕೂತಿರೋ ಅಷ್ಟು ದಿನ ಒಂದೊಂದಕ್ಕೂ ದಾರ ಕಟ್ಟಿ. ಹೊಸ ಉಂಡೆ ಮೇಲಿನ ಡಬ್ಬದಲ್ಲಿದೆ, ಕದಿಯೋದು ಬೇಡ."

ಆಕೆ ಒಳಗೆ ಹೋದ ಮೇಲೆ ಕಿಡಿಯಣ್ಣ ಫೋನು ತೆಗೆದು ಮಗಳ ಹೆಸರು ಹುಡುಕುತ್ತಾರೆ. ಬೆರಳು ಸರಿಯಾಗಿ ಒತ್ತುವುದಿಲ್ಲ; ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಅಷ್ಟರಲ್ಲಿ ಬೀದಿಯಲ್ಲಿ ಇನ್ನೊಬ್ಬರು ಬೈಕು ತಳ್ಳಿಕೊಂಡು ಬರುತ್ತಿದ್ದಾರೆ. ಹ್ಯಾಂಡಲಿನ ಬಲಗಡೆಯ ಸ್ವಿಚ್ಚು ಇಲ್ಲಿಂದಲೇ ಕಾಣುತ್ತಿದೆ, ಬಂದ್ ಆಗಿದೆ. ಕಿಡಿಯಣ್ಣ ಅದನ್ನು ನೋಡಿಯೂ ನೋಡದವರ ಹಾಗೆ ಸೀಟಿನ ಕಡೆ ನಡೆಯುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಮೊದಲು ಇಲ್ಲ ಎನ್ನುತ್ತಾರೆ. ಆಮೇಲೆ ಹೊಲಿಗೆ ಯಂತ್ರದ ಪಕ್ಕದ ಖಾಲಿ ಸ್ಟೂಲನ್ನು ನೋಡುತ್ತ ಹೇಳುತ್ತಾರೆ.

"ಅವಳ ಕಣ್ಣು ಸರಿಹೋಗಿ ಇಲ್ಲಿ ಬಂದು ಕೂತ್ಕೊಳ್ಳಲಿ. ಅವತ್ತು ಬರೋ ಮೊದಲನೇ ಗಾಡಿಗೆ ಒಂದು ದಾರಾನೂ ಕಟ್ಟಲ್ಲ."